ಬೋರ್‌ವೆಲ್ ಮೋಟರಿನ ಕೇಬಲ್ ಜಾಯಿಂಟ್ ಹಾಕುವಾಗ

ಕೇಬಲ್ ಜಾಯಿಂಟನ್ನು ದಯವಿಟ್ಟು ಅವಸರದಲ್ಲಿ ಮುಗಿಸಬೇಡಿ. ನಮ್ಮ ತೋಟದಲ್ಲಿ ಹಾಗೆ ಮಾಡಿ, ಎರಡೇ ತಿಂಗಳಿಗೆ ಮತ್ತೆ ಪೈಪೆಲ್ಲ ಮೇಲೆತ್ತಬೇಕಾಯಿತು. ಟೇಪಿನೊಳಗೆ ನೀರು ಹೋಗಿ ತಾಮ್ರ ಹಸಿರುಗಟ್ಟಿತ್ತು.

ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ.

ಮೂರೂ ವೈರನ್ನು ಒಂದೇ ಅಳತೆಗೆ ಕತ್ತರಿಸಬೇಡಿ. ಒಂದೊಂದರ ನಡುವೆ 3 ಇಂಚು ಹೆಚ್ಚುಕಮ್ಮಿ ಇರಲಿ, ಎದುರು ಕೇಬಲಿನಲ್ಲಿ ಅದಕ್ಕೆ ಉಲ್ಟಾ. ಆಗ ಗಂಟುಗಳು ಒಂದಕ್ಕೊಂದು ತಾಗುವುದಿಲ್ಲ, ಜಾಯಿಂಟ್ ದಪ್ಪವಾಗಿ ಕೇಸಿಂಗಿಗೆ, ಅಂದರೆ ಬೋರ್‌ವೆಲ್ಲಿನ ಹೊರಪೈಪಿಗೆ, ಉಜ್ಜುವುದೂ ಇಲ್ಲ. ಬಣ್ಣಕ್ಕೆ ಬಣ್ಣ ಸೇರಿಸಿ.

ಸಿಪ್ಪೆ 2 ಇಂಚು ಬಿಡಿಸುವಾಗ ಚಾಕುವನ್ನು ಓರೆಯಾಗಿ ಹಿಡಿಯಿರಿ, ಎಳೆ ಗೀರಬಾರದು. ತಾಮ್ರ ಹೊಳೆಯುವವರೆಗೆ ಮರಳು ಕಾಗದದಲ್ಲಿ ಉಜ್ಜಿ. ಎರಡೂ ಕಡೆಯ ಎಳೆಗಳನ್ನು ಹರಡಿ, ಕೈಬೆರಳು ಹೆಣೆದಂತೆ ಒಂದರೊಳಗೊಂದು ಸೇರಿಸಿ, ಬಲಗಡೆಯವನ್ನು ಎಡಕ್ಕೆ, ಎಡಗಡೆಯವನ್ನು ಬಲಕ್ಕೆ ಬಿಗಿಯಾಗಿ ಸುತ್ತಿ. ಎದ್ದು ನಿಂತ ತುದಿಗಳನ್ನು ಕಟಿಂಗ್ ಪ್ಲೇಯರಿನಲ್ಲಿ ಒತ್ತಿಬಿಡಿ. ಒಂದೇ ಒಂದು ಎಳೆ ಸೆಟೆದುಕೊಂಡಿದ್ದರೂ ಟೇಪನ್ನು ಚುಚ್ಚಿ ಹೊರಬರುತ್ತದೆ.

ರಬ್ಬರ್ ಟೇಪನ್ನು ಎಳೆದೆಳೆದು, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ, ಮೇಲೆ ಪಿವಿಸಿ ಟೇಪ್ ಹಾಕಿ. ಬಕೆಟ್ ನೀರಿನಲ್ಲಿ ಮುಳುಗಿಸಿ, ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ (ಕರೆಂಟ್ ಸೋರುತ್ತದೆಯೇ ಎಂದು ಅಳೆಯುವ ಉಪಕರಣ) ಇಡಿಸಿ ನೋಡಿದ ಮೇಲೆಯೇ ಮೋಟರ್ ಇಳಿಸಿ.