ಆಫ್ ಮಾಡಿದ್ರೂ ಟೆಸ್ಟರ್ ಉರಿಯಿತು

ನಾನು ಮೈಸೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡುವವನು. ಊರವರಿಗೆಲ್ಲ ಗೀಸರ್ ಕೂರಿಸಿ ಆದ ಮೇಲೆ, ಹೋದ ಚಳಿಗಾಲದಲ್ಲಿ ನಮ್ಮ ಮನೆಗೂ ಟ್ಯಾಂಕ್ ಇಲ್ಲದ ಗೀಸರ್ ತಂದೆ. 5.5 ಕಿಲೋವ್ಯಾಟ್. ನಲ್ಲಿ ತಿರುಗಿಸಿದರೆ ತಾನೇ ಆನ್, ನಿಲ್ಲಿಸಿದರೆ ತಾನೇ ಆಫ್. 20 ಡಿಗ್ರಿಯ ನೀರು 40ಕ್ಕೆ ಕಾದು 15 ಲೀಟರ್ ಬಕೆಟ್ ತುಂಬಲು ನಾಲ್ಕು ನಿಮಿಷ ಸಾಕು. 3 ಕಿಲೋವ್ಯಾಟಿನದಾದರೆ ಏಳು ನಿಮಿಷ ಕಾಯಬೇಕು.

"ತಾನೇ ಆಫ್ ಆಗುತ್ತಲ್ಲ, ಸ್ವಿಚ್ ಯಾಕ್ರೀ?" ಅಂದಳು ಹೆಂಡತಿ. ಸ್ವಿಚ್ ಬೇಕಿರುವುದು ಸ್ನಾನ ಮಾಡುವವರಿಗಿಂತ ಜಾಸ್ತಿ ಗೀಸರ್ ಬಿಚ್ಚುವವನಿಗೆ. ನಾಳೆ ಕಾಯಿಲ್ ಹೋದರೆ ಒಳಗೆ ಕೈ ಹಾಕುವವನು ನಾನೇ ಅಲ್ವಾ?

ಹಿಂದೊಮ್ಮೆ ಒಬ್ಬರ ಮನೆಯಲ್ಲಿ ಗೀಸರ್ ರಿಪೇರಿಗೆ ಹೋಗಿದ್ದೆ. ಸ್ವಿಚ್ ಆಫ್ ಮಾಡಿ ಕವರ್ ತೆಗೆದೆ. ಅಭ್ಯಾಸಬಲದಿಂದ ಟೆಸ್ಟರ್ ಇಟ್ಟರೆ ಕೆಂಪಗೆ ಉರಿಯಿತು! ಯಾರೋ ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಅದಲು ಬದಲು ಮಾಡಿದ್ದರು. ಆ ಸಾದಾ ಸ್ವಿಚ್ ನ್ಯೂಟ್ರಲ್ ಒಂದನ್ನೇ ಕತ್ತರಿಸುತ್ತಿತ್ತು. ನೀರು ಬಿಸಿಯಾಗುತ್ತಿರಲಿಲ್ಲ, ಅಷ್ಟೇ. ಕಾಯಿಲ್‌ನಲ್ಲಿ ಕರೆಂಟ್ ಹಾಗೇ ಇತ್ತು. ಅವತ್ತಿನಿಂದ ಗೀಸರ್ ಅಂದರೆ ನನಗೆ ಡಿಪಿ, ಅಂದರೆ ಡಬಲ್ ಪೋಲ್ ಸ್ವಿಚ್ಚೇ. ಅದು ಎರಡೂ ವೈರನ್ನು ಒಟ್ಟಿಗೆ ಕತ್ತರಿಸುತ್ತದೆ.

ಇನ್ನು ಆಂಪಿಯರ್. 5500ನ್ನು 230ರಿಂದ ಭಾಗಿಸಿದರೆ ಸುಮಾರು 24. 16 ಆಂಪಿಯರ್ ಪ್ಲಗ್ ಪಾಯಿಂಟ್ ಮಾತೇ ಬೇಡ. 3 ಕಿಲೋವ್ಯಾಟಿಗೆ 20ರ ಡಿಪಿ ಚೆನ್ನಾಗಿ ನಡೆಯುತ್ತದೆ, ಇದಕ್ಕೆ ಸಾಲದು. 25ರದ್ದು ತೀರಾ ಬಿಗಿ. 32ರದ್ದನ್ನೇ ತಂದೆ, ಸಣ್ಣ ಇಂಡಿಕೇಟರ್ ದೀಪ ಇರುವಂಥದ್ದು. ಬೋರ್ಡಿನಲ್ಲಿರುವ ಎಂಸಿಬಿಯನ್ನೇ (ಲೋಡ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ದಿನಾ ಆನ್-ಆಫ್ ಮಾಡುವವರಿದ್ದಾರೆ. ಅದು ಇರುವುದು ವೈರನ್ನು ಕಾಪಾಡಲು. ದಿನಾ ಕುಟ್ಟಲು ಅಲ್ಲ.

ಬೋರ್ಡಿನಿಂದ ಬೇರೆಯೇ ಲೈನ್ ಎಳೆದೆ, 6 ಸ್ಕ್ವೇರ್ ಎಂಎಂ ತಾಮ್ರದ್ದು. 32ರ ಎಂಸಿಬಿ, ಜೊತೆಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅರ್ಥಿಂಗ್ ನೋಡಿಕೊಂಡೆ. ಮನೆಗೆ ಮಂಜೂರಾದ ವಿದ್ಯುತ್ ಲೋಡ್ ಕಮ್ಮಿ ಇತ್ತು, ಅದನ್ನೂ ಏರಿಸಿದೆ. ತಿಂಗಳ ನಿಗದಿತ ಶುಲ್ಕ ಜಾಸ್ತಿಯಾಯಿತು, ಏನ್ ಮಾಡೋದು.

ಹೆಚ್ಚು ಹೊತ್ತು ಹಿಡಿದಿದ್ದು ಸ್ವಿಚ್ಚಿನ ಬೆನ್ನಿಗೆ ವೈರ್ ಕೂರಿಸುವ ಕೆಲಸ. 6 ಸ್ಕ್ವೇರ್ ವೈರ್ ಹೇಳಿದ ಮಾತು ಕೇಳುವುದಿಲ್ಲ. ಸಣ್ಣ ಬಾಕ್ಸಿನಲ್ಲಿ ಮಡಚಿದರೆ ಸ್ವಿಚ್ಚನ್ನೇ ಹೊರಗೆ ತಳ್ಳುತ್ತದೆ. ಟರ್ಮಿನಲ್‌ಗೆ ಹೋಗಲಿಲ್ಲ ಅಂತ ನಾಲ್ಕು ಎಳೆ ಕತ್ತರಿಸಿ ಹಾಕುವವರನ್ನು ನೋಡಿದ್ದೇನೆ. ಸುಟ್ಟು ಕಪ್ಪಾದ ಸ್ವಿಚ್ ಬಿಚ್ಚಿದಾಗಲೆಲ್ಲ ಕಾಣುವುದು ಇದೇ, ಇಲ್ಲವೇ ಸಡಿಲ ಸ್ಕ್ರೂ. ನಾನು ಗೋಡೆ ಇನ್ನಷ್ಟು ಕೊರೆದು ಆಳದ ಬಾಕ್ಸ್ ಇಟ್ಟೆ. ಎಳೆಗಳನ್ನು ಹುರಿ ಮಾಡಿ, ವೈರಿನ ತುದಿಗೆ ಪಿನ್ ಲಗ್ (ಕಡ್ಡಿಯಂಥ ಲೋಹದ ತುದಿ) ಒತ್ತಿ, ಸ್ಕ್ರೂ ಬಿಗಿ ಮಾಡಿ ಒಂದೊಂದನ್ನೂ ಎಳೆದು ನೋಡಿದೆ.

ಸ್ವಿಚ್ ಇಟ್ಟಿದ್ದು ಬಚ್ಚಲುಮನೆಯ ಹೊರಗೆ, ಬಾಗಿಲ ಪಕ್ಕ. ಬಾಗಿಲು ತೆಗೆದರೆ ಗೀಸರ್ ಹತ್ತಿರ ನಿಂತವನಿಗೂ ಕಾಣುತ್ತದೆ.

ಮೊದಲ ದಿನ ಹತ್ತು ನಿಮಿಷ ಬಿಸಿನೀರು ಬಿಟ್ಟು ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಸ್ವಲ್ಪ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಆಮೇಲೆ ಆಫ್ ಮಾಡಿ, ಗೀಸರಿನ ಕವರ್ ತೆಗೆದು, ಒಳಗಿನ ಎರಡೂ ಟರ್ಮಿನಲ್‌ಗೆ ಟೆಸ್ಟರ್ ಇಟ್ಟೆ. ಉರಿಯಲಿಲ್ಲ. ಟೆಸ್ಟರ್ರೇ ಕೆಟ್ಟಿದ್ದರೆ ಅಂತ ಪಕ್ಕದ ಪ್ಲಗ್ಗಿಗೆ ಚುಚ್ಚಿ ನೋಡಿದೆ. ಅಲ್ಲಿ ಉರಿಯಿತು.