ಅಶ್ವದಳದ ಹಳೆಯ ತಡಿ: ಕೊಳ್ಳುವ ಮುನ್ನ, ಕೊಂಡ ಬಳಿಕ

ಅಶ್ವದಳಗಳ ಹಳೆಯ ಸಾಮಗ್ರಿಗಳನ್ನು ಸಂಗ್ರಹಿಸಲು ಹೊರಡುವವರು ಖಡ್ಗದಿಂದಲ್ಲ, ತಡಿ (ಕುದುರೆಯ ಬೆನ್ನಿಗೆ ಕಟ್ಟುವ ಜೀನು), ಲಗಾಮು, ಕಡಿವಾಣಗಳಿಂದ ಆರಂಭಿಸುವುದು ಒಳ್ಳೆಯದು. ಖಡ್ಗವಾದರೆ ಶಸ್ತ್ರಾಸ್ತ್ರ ಕಾಯ್ದೆಯ ಪ್ರಶ್ನೆಯೂ ಎದುರಾಗುತ್ತದೆ. ಬ್ರಿಟಿಷ್ ಸೇನೆಯ ‘ಯೂನಿವರ್ಸಲ್ ಪ್ಯಾಟರ್ನ್’ ತಡಿಯನ್ನು, ಅದರಲ್ಲೂ 1902 ಮತ್ತು 1912ರ ಮಾದರಿಗಳನ್ನು, ಚೆನ್ನಾಗಿ ಅರಿತರೆ ಉಳಿದವುಗಳನ್ನು ಪರೀಕ್ಷಿಸುವ ಕಣ್ಣು ತಾನಾಗಿ ಬರುತ್ತದೆ.

ಮೊದಲು ಚರ್ಮದ ಮೇಲಿನ ಮುದ್ರೆಗಳನ್ನು ಹುಡುಕಬೇಕು: ತಯಾರಕರ ಹೆಸರು, ವರ್ಷ, ಸರ್ಕಾರಿ ಸ್ವತ್ತೆಂದು ಸೂಚಿಸುವ ಅಗಲ ಬಾಣದ ಗುರುತು. ಎರಡು ಬಾಣಗಳು ತುದಿಗೆ ತುದಿ ಎದುರಾಗಿದ್ದರೆ ಸೇನೆ ಆ ವಸ್ತುವನ್ನು ವಿಲೇವಾರಿ ಮಾಡಿದೆ ಎಂದರ್ಥ. ಕಾನ್ಪುರದಲ್ಲಿ ಇಂದಿಗೂ ತಡಿಗಳು ತಯಾರಾಗಿ ರಫ್ತಾಗುತ್ತಿರುವುದರಿಂದ, ಮುದ್ರೆಯಲ್ಲಿರುವ ಊರಿನ ಹೆಸರೊಂದನ್ನೇ ನಂಬಿ ಹಳೆಯದೆಂದು ತೀರ್ಮಾನಿಸಬಾರದು. ಕಿತ್ತುಹೋದ ಹೊಲಿಗೆಯ ಎಳೆಯೊಂದನ್ನು ಬೇರ್ಪಡಿಸಿ ಸುಟ್ಟು ನೋಡಬಹುದು. ನಾರುನೂಲು ಬೂದಿಯಾಗುತ್ತದೆ, ನೈಲಾನ್ ಕರಗಿ ಉಂಡೆಕಟ್ಟುತ್ತದೆ. ನೈಲಾನ್ ಬಂದದ್ದು 1930ರ ದಶಕದ ಕೊನೆಯಲ್ಲಾದ್ದರಿಂದ, ಅದು ಕಂಡರೆ ವಸ್ತು ನಕಲಿ, ಇಲ್ಲವೇ ಆಮೇಲೆ ರಿಪೇರಿಯಾಗಿದೆ. ರಿಪೇರಿ ದೋಷವಲ್ಲ, ಮುಚ್ಚಿಟ್ಟ ರಿಪೇರಿ ದೋಷ.

ಮುಂದಿನ ಮತ್ತು ಹಿಂದಿನ ಉಕ್ಕಿನ ಕಮಾನುಗಳನ್ನು ಹಿಡಿದು ನಿಧಾನವಾಗಿ ಒತ್ತಿದಾಗ ಕಿರುಗುಟ್ಟಿದರೆ ಒಳಚೌಕಟ್ಟು ಮುರಿದಿರುವ ಸಾಧ್ಯತೆಯಿದೆ. ಆದರೆ 1912ರ ಮಾದರಿಯಲ್ಲಿ ಪಕ್ಕದ ಹಲಗೆಗಳು ಕಮಾನಿಗೆ ತಿರುಗುವಂತೆ ಜೋಡಣೆಯಾಗಿರುವುದರಿಂದ ಅವು ಅಲುಗಾಡುವುದು ಸಹಜ.

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಇಂದಿನ ಇಸ್ರೇಲಿನ ಹೈಫಾದಲ್ಲಿ ಮುನ್ನುಗ್ಗಿದ ಮೈಸೂರು ಲ್ಯಾನ್ಸರ್ಸ್ ದಳದ ತಡಿಯೆಂದು ಯಾರಾದರೂ ಹೇಳಿದರೆ, ದಳದ ಮುದ್ರೆ ಅಥವಾ ಕುಟುಂಬದ ದಾಖಲೆ ಕೇಳಬೇಕು. ಅವೆರಡೂ ಇಲ್ಲದಿದ್ದರೆ ತಡಿಗಷ್ಟೇ ಬೆಲೆ ಕೊಡಬೇಕೇ ಹೊರತು ಕಥೆಗಲ್ಲ.

ಕೊಂಡ ಬಳಿಕ ಮಾಡುವ ದೊಡ್ಡ ಅನಾಹುತವೆಂದರೆ ಎಣ್ಣೆ ಸುರಿಯುವುದು. ಒಣಗಿದ ಚರ್ಮಕ್ಕೆ ಎಣ್ಣೆ ಕುಡಿಸಿದರೆ ಕೆಲವು ದಿನ ಹೊಳಪು ಕಂಡರೂ, ಕಾಲಕ್ರಮದಲ್ಲಿ ಅದು ಕಪ್ಪಾಗಿ ಬಿರುಸಾಗುತ್ತದೆ, ಧೂಳನ್ನೂ ಬೂಷ್ಟನ್ನೂ ಕರೆತರುತ್ತದೆ. ಬಿಳಿ ಬಟ್ಟೆಯಿಂದ ಮೆಲ್ಲನೆ ಒರೆಸಿದಾಗ ಕೆಂಪು ಪುಡಿ ಅಂಟಿದರೆ, ಮರದ ತೊಗಟೆಯಂಥ ಸಸ್ಯವಸ್ತುಗಳಿಂದ ಹದಮಾಡಿದ ಆ ಚರ್ಮ ಗಾಳಿಯಲ್ಲಿನ ಗಂಧಕದ ಡೈಆಕ್ಸೈಡನ್ನು ಹೀರಿ ಆಮ್ಲೀಯವಾಗಿದೆಯೆಂದು ತಿಳಿಯಬೇಕು. ಈ ಹಾನಿಯನ್ನು ಸರಿಪಡಿಸಲಾಗದು. ನೀರು ತಾಗಿಸಿದರೆ ಚರ್ಮ ಕಪ್ಪಾಗಿ ಗಟ್ಟಿಯಾಗುತ್ತದೆ. ಆಲ್ಕೋಹಾಲಿನಲ್ಲಿ ಕರಗಿಸಿದ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಅಂಟುವಸ್ತುವನ್ನು ತೆಳುವಾಗಿ ಸವರಿ ಪುಡಿಯನ್ನು ಹಿಡಿದು ನಿಲ್ಲಿಸಬಹುದು, ಅಷ್ಟೆ. ಹಿತ್ತಾಳೆಯ ಬಕಲ್‌ಗಳ ಸುತ್ತ ಕಟ್ಟುವ ಹಸಿರು ಮೇಣವನ್ನು ಮರದ ಕಡ್ಡಿಯಿಂದ ತೆಗೆದರೆ ಸಾಕು.

ತಡಿಯನ್ನು ಮೆತ್ತೆ ಹೊದಿಸಿದ ಮರದ ಆಧಾರದ ಮೇಲಿರಿಸಿ ಹತ್ತಿ ಬಟ್ಟೆ ಹೊದಿಸಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಗಾಳಿಯಾಡುವಿಕೆ ಎಲ್ಲಕ್ಕಿಂತ ಮುಖ್ಯ.

ನೂರು ವರ್ಷ ದಾಟಿದ ಇಂತಹ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ, ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ. ಅಷ್ಟು ಹಳೆಯದಲ್ಲದ ತಡಿಯನ್ನು ಕಳುಹಿಸುವುದಿದ್ದರೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಬೇಕು.