ಹೊಸ ವೈರಿಂಗ್ ಕಿಟ್ ಹಾಕದೆ ಹಳೆ ಅಂಬಾಸಿಡರ್ ರಿಪೇರಿ: ನನ್ನ ಅನುಭವ

ಗಾಡಿ 1972ರ ಮಾರ್ಕ್ 2 ಅಂಬಾಸಿಡರ್. ಬ್ಯಾಟರಿ ಚಾರ್ಜ್ ಮಾಡುವ ಡೈನಮೊ, ಅದನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಕಟ್‌ಔಟ್, ಗಾಜಿನ ಫ್ಯೂಸ್ ಎಲ್ಲ ಹಳೆಯವೇ. ದೂರು ನಾಲ್ಕು. ಹೆಡ್‌ಲೈಟ್ ಹಾಕಿದರೆ ಬುಡ್ಡಿದೀಪದ ಬೆಳಕು. ಬ್ರೇಕ್ ತುಳಿದರೆ ಹಿಂದಿನ ಎಡಗಡೆ ಇಂಡಿಕೇಟರ್ ತಾನೇ ಮಿಣುಕುತ್ತದೆ. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್. ವಾರಕ್ಕೊಂದು ಫ್ಯೂಸ್ ಹಾರುತ್ತದೆ. ನನಗಿಂತ ಮುಂಚೆ ನೋಡಿದ ಮೂವರೂ ಒಂದೇ ಮಾತು ಹೇಳಿದ್ದರು: ಐವತ್ತು ವರ್ಷದ ವೈರು, ಪೂರ್ತಿ ಕಿತ್ತು ಹೊಸ ಕಿಟ್ ಹಾಕಿ. ಕಿಟ್‌ಗೆ ಹನ್ನೆರಡು ಸಾವಿರ, ಕೂಲಿ ಎಂಟರಿಂದ ಹತ್ತು ಸಾವಿರ. ನನ್ನ ಲೆಕ್ಕದಲ್ಲಿ ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸಿಗೆ ಮುಗಿಯಿತು. ಅದರಲ್ಲೂ ಸಾವಿರದ ಮುನ್ನೂರು ನನ್ನ ತಪ್ಪಿನಿಂದ ಹೋದ ದಂಡ. ಒಂದೂವರೆ ವರ್ಷವಾಯಿತು, ನಾಲ್ಕರಲ್ಲಿ ಒಂದು ದೂರೂ ಮರಳಿ ಬಂದಿಲ್ಲ. ಹಳೆ ಕಿಟ್ ಇನ್ನೂ ಗಾಡಿಯಲ್ಲೇ ಇದೆ.

ದಂಡದ ಕತೆ ಮೊದಲು ಹೇಳಿಬಿಡುತ್ತೇನೆ. ಹೆಡ್‌ಲೈಟ್ ಮಂಕು ಎಂದು ಮೀಟರ್ ಇಟ್ಟೆ, ಹೋಲ್ಡರಿನಲ್ಲಿ 12.4 ವೋಲ್ಟ್ ಬಂತು. ಕರೆಂಟ್ ಸರಿಯಾಗಿ ಬರುತ್ತಿದೆ, ಬಲ್ಬೇ ಕೆಟ್ಟಿದೆ ಎಂದುಕೊಂಡು ಎರಡು ಬಲ್ಬ್ ಹಾಕಿದೆ. ಬೆಳಕು ಹಾಗೇ ಇತ್ತು. ಸ್ವಿಚ್ ಬದಲಿಸಿದೆ, ಸ್ವಲ್ಪ ಏರಿತು, ಅಷ್ಟೆ. ಮಾಡಿದ ತಪ್ಪು ಏನೆಂದರೆ ಬಲ್ಬ್ ಬಿಚ್ಚಿ, ಖಾಲಿ ಹೋಲ್ಡರಿನಲ್ಲಿ ಮೀಟರ್ ಹಿಡಿದದ್ದು. ಇಪ್ಪತ್ತೆಂಟು ಎಳೆಯ ವೈರಿನಲ್ಲಿ ಇಪ್ಪತ್ತೇಳು ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಖಾಲಿ ಹೋಲ್ಡರಿನಲ್ಲಿ 12 ವೋಲ್ಟ್ ತೋರಿಸುತ್ತದೆ, ವೈರ್ ತುಂಡಾಗಿದೆಯೇ ಎಂದು ನೋಡುವ ಕಂಟಿನ್ಯುಟಿಗೆ ಮೀಟರ್ ಇಟ್ಟರೆ ಬೀಪ್ ಕೂಡ ಬರುತ್ತದೆ. 5 ವ್ಯಾಟಿನ ಟೆಸ್ಟ್ ಲ್ಯಾಂಪ್ ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ, ಅದೂ ಉರಿಯುತ್ತದೆ. ಹೆಡ್‌ಲೈಟ್ ಬಲ್ಬ್ ಒಂದೊಂದಕ್ಕೂ ನಾಲ್ಕು ಆಂಪಿಯರ್ ಬೇಕು. ಆ ನಾಲ್ಕು ಆಂಪಿಯರ್ ಹರಿಯುತ್ತಿರುವಾಗ ಮೀಟರ್ ಇಟ್ಟರೆ ಮಾತ್ರ ರೋಗ ಕಾಣುತ್ತದೆ.

ಹಾಗಾಗಿ ಬಲ್ಬ್ ಉರಿಯುತ್ತಿರುವಾಗಲೇ, ಕನೆಕ್ಟರ್ ಬಿಚ್ಚದೆ, ಹಿಂಬದಿಯಿಂದ ಸೂಜಿ ತೂರಿಸಿ ನೋಡಿದೆ. ಬ್ಯಾಟರಿಯಲ್ಲಿ 12.1, ಬಲ್ಬಿನ ಎರಡು ಕಾಲಿನ ನಡುವೆ 9.6. ಎರಡೂವರೆ ವೋಲ್ಟ್ ದಾರಿಯಲ್ಲೇ ಮಾಯ. ವೋಲ್ಟೇಜ್ ನೂರಕ್ಕೆ ಹತ್ತು ಪಾಲು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಪಾಲು ಇಳಿಯುತ್ತದೆ. 9.6ಕ್ಕೆ ಬಂದಾಗ ಅರ್ಧ ಬೆಳಕೂ ಉಳಿದಿರುವುದಿಲ್ಲ.

ಆಮೇಲಿನ ಕೆಲಸ ಆ ಎರಡೂವರೆ ವೋಲ್ಟ್ ಎಲ್ಲಿ ಹೋಯಿತು ಎಂದು ಹುಡುಕುವುದು. ಮೀಟರಿನ ಕೆಂಪು ಸೂಜಿ ಬ್ಯಾಟರಿ ಪ್ಲಸ್‌ನಲ್ಲೇ ಇರಲಿ. ನಾಲ್ಕು ಮೀಟರ್ ಉದ್ದದ ವೈರೊಂದನ್ನು ಕ್ಲಿಪ್ ಹಾಕಿ ಕಾಯಂ ಇಟ್ಟುಕೊಂಡಿದ್ದೇನೆ. ಕಪ್ಪು ಸೂಜಿಯನ್ನು ಒಂದೊಂದೇ ಜಾಯಿಂಟಿಗೆ ಮುಟ್ಟಿಸುತ್ತಾ ಮುಂದೆ ಹೋಗಬೇಕು. ಮೀಟರ್ ತೋರಿಸುವುದು ಅಲ್ಲಿಯವರೆಗೆ ಕಳೆದುಹೋದ ವೋಲ್ಟೇಜ್. ಕಟ್‌ಔಟಿನ ಎ ಟರ್ಮಿನಲ್‌ವರೆಗೆ 0.15 ಹೋಗಿತ್ತು. ಅದರದೇ ಎ1 ಟರ್ಮಿನಲ್‌ನಿಂದ ಲೈಟ್ ಸ್ವಿಚ್ಚಿಗೆ ಬರುವ ಕಂದು-ನೀಲಿ ವೈರಿನಲ್ಲಿ ಇನ್ನೊಂದು 0.2. ಲೈಟ್ ಸ್ವಿಚ್ಚಿನ ಒಳಗೆ 0.55. ಇದು ನಾನು ಹೊಸದಾಗಿ ಹಾಕಿದ ಸ್ವಿಚ್ ಎಂಬುದನ್ನು ಗಮನಿಸಿ. ತೆಗೆದಿಟ್ಟಿದ್ದ ಹಳೆಯದನ್ನೇ ಬಿಚ್ಚಿ, ಹಿತ್ತಾಳೆ ಪಟ್ಟಿ ತಿಕ್ಕಿ, ಸ್ಪ್ರಿಂಗ್ ಎಳೆದು ಹಾಕಿದಾಗ 0.08ಕ್ಕೆ ಇಳಿಯಿತು. ಹೊಸದರ ಪಟ್ಟಿ ತೆಳು, ಒತ್ತಡವೂ ಸಾಲದು. ಕಾಲಲ್ಲಿ ಒತ್ತುವ ಡಿಪ್ ಸ್ವಿಚ್ಚಿನಲ್ಲಿ 0.45. ಒದ್ದೆ ಚಪ್ಪಲಿಯ ನೀರೆಲ್ಲ ಇಳಿಯುವ ಜಾಗ ಅದು, ಒಳಗೆಲ್ಲ ಹಸಿರು ಕಿಲುಬು. ಗ್ರಿಲ್ ಹಿಂದಿನ ಬುಲೆಟ್ ಕನೆಕ್ಟರುಗಳಲ್ಲಿ (ವೈರಿನ ತುದಿಯ ಹಿತ್ತಾಳೆ ಗುಂಡನ್ನು ಕೊಳವೆಗೆ ತೂರಿಸುವ ಜಾಯಿಂಟ್) 0.35. ಪ್ಲಸ್ ಕಡೆ ಒಟ್ಟು 1.7.

ಉಳಿದ 0.8 ವೋಲ್ಟ್ ಮೈನಸ್ ಕಡೆ, ಅಂದರೆ ಕರೆಂಟ್ ಬಲ್ಬಿನಿಂದ ಬಾಡಿಯ ತಗಡಿನ ಮೂಲಕ ಬ್ಯಾಟರಿಗೆ ಮರಳುವ ಅರ್ಥ್ ದಾರಿಯಲ್ಲಿ. ಬ್ಯಾಟರಿ ಮೈನಸ್ಸಿಗೂ ಬಲ್ಬಿನ ಅರ್ಥ್ ಕಾಲಿಗೂ ಮೀಟರ್ ಇಟ್ಟು ನೋಡಿ. ಇದನ್ನು ನೋಡುವವರು ಕಡಿಮೆ. ಎಲ್ಲರೂ ಪ್ಲಸ್ ಕಡೆಯೇ ಬೆನ್ನಟ್ಟುತ್ತಾರೆ. ಮುಂದಿನ ದೀಪಗಳ ಕಪ್ಪು ವೈರುಗಳೆಲ್ಲ ಸೇರುವ ಬೋಲ್ಟಿನ ಕೆಳಗೆ, ವೈರಿನ ತುದಿಯ ಲಗ್ ಮತ್ತು ತಗಡಿನ ನಡುವೆ, ಮೂರು ಪದರ ಬಣ್ಣ ಇತ್ತು. ಗಾಡಿಗೆ ಪೇಂಟ್ ಹೊಡೆಸಿದಾಗಲೆಲ್ಲ ಒಂದೊಂದು ಪದರ ಸೇರಿದೆ. ಕರೆಂಟ್ ಹೋಗುತ್ತಿದ್ದದ್ದು ಬೋಲ್ಟಿನ ಮರೆಯ ಹಲ್ಲಿನ ಮೂಲಕ ಮಾತ್ರ. ಎಂಟಾಣೆ ಅಗಲಕ್ಕೆ ತಗಡು ಹೊಳೆಯುವ ಹಾಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿದೆ. 0.8 ಇದ್ದದ್ದು 0.05. ಖರ್ಚು ಎರಡು ರೂಪಾಯಿ ವಾಷರ್.

ಬುಲೆಟ್ ಕನೆಕ್ಟರ್ ವಿಷಯದಲ್ಲಿ ಎರಡು ಸಲ ಎಡವಿದ್ದೇನೆ. ಮೊದಲ ಸಲ ಎಲ್ಲ ಬುಲೆಟ್‌ಗಳಿಗೂ ಸೋಲ್ಡರ್ ಹಾಕಿದೆ. ನೋಡಲು ಚೆಂದ, ಮೀಟರಿನಲ್ಲೂ ಸೊನ್ನೆ. ಎರಡೂವರೆ ತಿಂಗಳಲ್ಲಿ ನಾಲ್ಕು ಕಡೆ ತುಂಡಾಯಿತು. ಸೋಲ್ಡರ್ ಎಳೆಗಳ ನಡುವೆ ಅರ್ಧ ಅಂಗುಲ ಹೀರಿಕೊಂಡು ಅಷ್ಟು ಭಾಗ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಅದು ಮುಗಿಯುವ ಅಂಚಿನಲ್ಲಿ ಇಂಜಿನ್ ಅದುರುವುದಕ್ಕೆ ಎಳೆಗಳು ಮುರಿಯುತ್ತವೆ. ಈಗ ಒಳ್ಳೆಯ ಪ್ಲಯರಿನಲ್ಲಿ ಅದುಮಿ ಹಿಡಿಸುವ ಕ್ರಿಂಪ್ ಮಾತ್ರ, ಮೂರು ಅಂಗುಲದೊಳಗೆ ವೈರನ್ನು ಕ್ಲಿಪ್ ಹಾಕಿ ಹಿಡಿಸುತ್ತೇನೆ. ಎರಡನೇ ತಪ್ಪು, ಬುಲೆಟ್ ಉಜ್ಜಿ ಕೊಳವೆಯನ್ನು ಹಾಗೇ ಬಿಟ್ಟದ್ದು. ರಬ್ಬರ್ ಒಳಗಿನ ಕೊಳವೆ ತುಕ್ಕು ಹಿಡಿದು ಸಡಿಲವಾಗಿರುತ್ತದೆ, ಅದನ್ನು ಉಜ್ಜಿ ಉಳಿಸಿಕೊಳ್ಳಲು ಆಗುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದಕ್ಕೆ ಹದಿನೈದರಿಂದ ಇಪ್ಪತ್ತು ರೂಪಾಯಿ ಕೊಟ್ಟ ನೆನಪು. ಮೂವತ್ತು ತಂದೆ, ಇಪ್ಪತ್ತಾರು ಹಿಡಿಯಿತು.

ಉಜ್ಜುವ ಮಾತು ಬಂದಿದ್ದಕ್ಕೆ ಒಂದು ಪ್ರಯೋಗ ಹೇಳುತ್ತೇನೆ. ಹಿತ್ತಾಳೆ ಬುಲೆಟ್‌ಗಳನ್ನು ಮೂರು ಪಾಲು ಮಾಡಿ ಒಂದನ್ನು ಉಪ್ಪುಕಾಗದದಲ್ಲಿ ತಿಕ್ಕಿದೆ, ಒಂದನ್ನು ನಿಂಬೆರಸದಲ್ಲಿ, ಒಂದನ್ನು ದೇವರ ಪಾತ್ರೆ ತೊಳೆಯುವ ಹಾಗೆ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದೆ. ಹತ್ತೇ ನಿಮಿಷದಲ್ಲಿ ಹುಣಸೆಹಣ್ಣಿನವು ಹೊಸದರಂತೆ ಬಂದವು, ಉಪ್ಪುಕಾಗದ ಮುಟ್ಟದ ಸಂದಿಯೂ ಹೊಳೆಯಿತು. ಆದರೆ ಬರೀ ನೀರಿನಲ್ಲಿ ತೊಳೆದು ಹಾಕಿದವು ಎಂಟು ದಿನಕ್ಕೆ ಮೊದಲಿಗಿಂತ ಹೆಚ್ಚು ಕಿಲುಬು ಹಿಡಿದವು. ಹುಳಿ ಎಳೆಗಳ ನಡುವೆ ಉಳಿದರೆ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಈಗ ವೈರಿನಿಂದ ಬೇರೆ ಮಾಡಿದ ಹಿತ್ತಾಳೆಗೆ ಮಾತ್ರ ಹುಣಸೆಹಣ್ಣು. ಆಮೇಲೆ ಅಡುಗೆ ಸೋಡಾ ಕಲಸಿದ ನೀರು, ಬಿಸಿನೀರು, ಪೂರ್ತಿ ಒಣಗಿಸಿ ವ್ಯಾಸಲಿನ್. ವೈರಿಗೇ ಅಂಟಿರುವ ಬುಲೆಟ್‌ಗೆ ನಾನು ಹಚ್ಚುವುದು ಬೇರೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡಿನದು.

ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣುಕುವ ದೂರಿನ ಕಾರಣ ಎಲ್ಲರಿಗೂ ಗೊತ್ತಿರುವುದೇ, ಹಿಂದಿನ ಲ್ಯಾಂಪಿನ ಅರ್ಥ್. ಬ್ರೇಕ್ ಉರಿಯುವಾಗ ಲ್ಯಾಂಪಿನ ಚಿಪ್ಪಿಗೂ ಬ್ಯಾಟರಿ ಮೈನಸ್ಸಿಗೂ 4 ವೋಲ್ಟ್ ಇತ್ತು. ಬಾಡಿಯ ತಗಡಿಗೆ ಹೋಗಲು ದಾರಿಯಿಲ್ಲದ ಕರೆಂಟ್ ಪಕ್ಕದ ಬಲ್ಬಿನ ಮೂಲಕ ಸುತ್ತುಹಾಕಿ ಹೋಗುತ್ತಿತ್ತು. ಚಿಪ್ಪಿನ ಸ್ಕ್ರೂ ನಂಬುವುದನ್ನು ಬಿಟ್ಟೆ. ಎರಡೂ ಕಡೆಯ ಚಿಪ್ಪಿಗೆ ಕಪ್ಪು ವೈರ್ ಕೊಟ್ಟು ಡಿಕ್ಕಿಯೊಳಗೆ ಒಂದೇ ಬೋಲ್ಟಿಗೆ ತಂದೆ. ಒಂದು ಗಂಟೆಯ ಕೆಲಸ.

ಇಂಜಿನ್ನನ್ನು ಬಾಡಿಯ ತಗಡಿಗೆ ಸೇರಿಸುವ ಅರ್ಥ್ ಪಟ್ಟಿಯನ್ನೂ ಇದರ ಜೊತೆಗೇ ನೋಡಿ. ಇಂಜಿನ್ ಕೂತಿರುವುದು ರಬ್ಬರ್ ಮೇಲೆ. ಗೇರ್‌ಬಾಕ್ಸ್ ಇಳಿಸಿದವರು ಪಟ್ಟಿ ಹಾಕಲು ಮರೆತರೆ ಸೆಲ್ಫ್ ಹೊಡೆದಾಗಿನ ಅಷ್ಟೂ ಕರೆಂಟ್ ಚೋಕ್ ಕೇಬಲ್ಲಿನಲ್ಲಿ ಬಾಡಿಯ ತಗಡಿಗೆ ಹೋಗುತ್ತದೆ. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಮುಟ್ಟಿ, ಬಿಸಿಯಿದ್ದರೆ ಪಟ್ಟಿ ಇಲ್ಲ ಅಥವಾ ಸಡಿಲ. ಈ ಗಾಡಿಯಲ್ಲಿ ಪಟ್ಟಿ ಇತ್ತು, ಆದರೆ ಹೆಣೆದ ತಾಮ್ರ ಅರ್ಧ ಹರಿದಿತ್ತು. ಸೆಲ್ಫ್ ಹೊಡೆಯುವಾಗ ಇಂಜಿನ್ನಿಗೂ ಬ್ಯಾಟರಿ ಮೈನಸ್ಸಿಗೂ 0.9 ವೋಲ್ಟ್. ಹೊಸ ಪಟ್ಟಿ ಇನ್ನೂರು ರೂಪಾಯಿ, 0.2ಕ್ಕೆ ಬಂತು.

ಫ್ಯೂಸ್ ಹಾರುವುದು ಹೆಚ್ಚು ದಿನ ತಿಂದ ಕೆಲಸ. ಹಾರುತ್ತಿದ್ದದ್ದು ಫ್ಯೂಸ್ ಬಾಕ್ಸಿನ ಎ3-ಎ4 ಟರ್ಮಿನಲ್ ನಡುವಿನದು, ಅಂದರೆ ಹಸಿರು ವೈರುಗಳ ಸಾಲು: ವೈಪರ್, ಬ್ರೇಕ್ ಲೈಟ್, ಇಂಡಿಕೇಟರ್, ಪೆಟ್ರೋಲ್ ಗೇಜ್. ಹುಡುಕಲು ಫ್ಯೂಸ್ ಸುಡುತ್ತಾ ಕೂರಬಾರದು. ಫ್ಯೂಸ್ ಜಾಗದಲ್ಲಿ 21 ವ್ಯಾಟಿನ ಬಲ್ಬ್ ಸೇರಿಸಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಶಾರ್ಟ್ ಬಿಟ್ಟುಕೊಂಡರೆ ಆರುತ್ತದೆ, ವೈರಿಗೆ ಏನೂ ಆಗುವುದಿಲ್ಲ. ಆದರೆ ಮೊದಲು ಬ್ರೇಕ್ ಮತ್ತು ಇಂಡಿಕೇಟರ್ ಬಲ್ಬ್ ತೆಗೆದು, ವೈಪರ್, ಗೇಜ್ ವೈರುಗಳನ್ನು ಕಳಚಿಡಬೇಕು. ಇಲ್ಲದಿದ್ದರೆ ಅವುಗಳ ಕರೆಂಟಿಗೇ ಬಲ್ಬ್ ಅರೆಬರೆ ಉರಿದು ದಾರಿ ತಪ್ಪಿಸುತ್ತದೆ. ನನಗೆ ಅರ್ಧ ದಿನ ಹಾಗೇ ಹೋಯಿತು. ಬ್ರೇಕ್ ಪೆಡಲಿಗೆ ಕೋಲು ಒತ್ತಿ ಇಟ್ಟು, ಹಸಿರು-ನೇರಳೆ ವೈರ್ ಹೋಗುವ ದಾರಿಯುದ್ದಕ್ಕೂ ಕೈಯಲ್ಲಿ ಅದುಮುತ್ತಾ ಬಂದೆ. ಹಿಂದಿನ ಎಡಬಾಗಿಲ ಹೊಸ್ತಿಲಿನ ಹತ್ತಿರ ಬಲ್ಬ್ ಝಗ್ ಎಂದಿತು. ಮ್ಯಾಟ್ ಹಿಡಿಸಲು ಹೊಡೆದ ಸ್ಕ್ರೂ ವೈರಿನ ಮೈಯನ್ನು ಸೀಳಿ ನಿಂತಿತ್ತು. ಯಾರಾದರೂ ಅಲ್ಲಿ ಕಾಲಿಟ್ಟಾಗ ಮತ್ತು ಬ್ರೇಕ್ ತುಳಿದಾಗ, ಎರಡೂ ಒಟ್ಟಿಗೆ ಆದರೆ ಮಾತ್ರ ಫ್ಯೂಸ್ ಹೋಗುತ್ತಿತ್ತು.

ಫ್ಯೂಸ್ ವಿಷಯದಲ್ಲೇ ಇನ್ನೊಂದು ಮಾತು. ಲೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಸುಡುವ ಅಳತೆ, ಸದಾ ಹೊರುವುದು 17 ಆಂಪಿಯರ್ ಮಾತ್ರ. ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟು ಫ್ಯೂಸುಗಳ ಮೇಲಿನ ಸಂಖ್ಯೆ ಸದಾ ಹೊರುವ ಅಳತೆ. 35 ನೋಡಿ 35 ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಸುಡುತ್ತದೆ. ನಾನು ಹಾಕುವುದು 15. ಹೆಡ್‌ಲೈಟಿಗಂತೂ ಇದರಲ್ಲಿ ಫ್ಯೂಸೇ ಇಲ್ಲ, ಹೈ ಬೀಮಿಗೆ ಒಂದು, ಡಿಪ್‌ಗೆ ಒಂದು ನಾನೇ ಸೇರಿಸಿದೆ.

ಬ್ಯಾಟರಿ ಡೌನ್ ಆಗುವುದಕ್ಕೆ ಮೈನಸ್ ವೈರ್ ಬಿಚ್ಚಿ ಮೀಟರನ್ನು 10 ಆಂಪಿಯರಿಗೆ ಇಟ್ಟು ನಡುವೆ ಸೇರಿಸಿದೆ. ಅದಕ್ಕೂ ಮುಂಚೆ ಬಲ್ಬ್ ಸೇರಿಸಿ ನೋಡಿ, ಜೋರಾಗಿ ಉರಿದರೆ ಮೀಟರ್ ಇಡಬೇಡಿ. 0.55 ಆಂಪಿಯರ್ ಬಂತು. 50 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನಕ್ಕೆ ಖಾಲಿ, ದೂರಿಗೆ ಸರಿಹೊಂದುತ್ತದೆ. ಡೈನಮೊ ಗಾಡಿಯಲ್ಲಿ ಮೊದಲ ಅನುಮಾನ ಕಟ್‌ಔಟ್ ಮೇಲೆ, ಪಾಯಿಂಟ್ ಅಂಟಿಕೊಂಡರೆ ಬ್ಯಾಟರಿ ಡೈನಮೊ ಒಳಗೇ ಇಳಿದುಹೋಗುತ್ತದೆ. ಡೈನಮೊದಿಂದ ಬರುವ ಡಿ ಟರ್ಮಿನಲ್ ವೈರ್ ತೆಗೆದೆ, ಮೀಟರ್ ಕದಲಲಿಲ್ಲ. ಸ್ಟೀರಿಯೋ ಕಳಚಿದೆ, ಸೊನ್ನೆ. ಅದರ ಹಳದಿ ವೈರ್ ಮಾತ್ರ ನೇರ ಬ್ಯಾಟರಿಗೆ ಹೋಗಬೇಕು, ಕೆಂಪು ವೈರ್, ಕೀ ಹಾಕಿದ ಮೇಲೆ ಕರೆಂಟ್ ಬರುವ ಲೈನಿಗೆ. ಎರಡನ್ನೂ ಒಟ್ಟಿಗೆ ಹೊಸೆದು ಬ್ಯಾಟರಿಗೇ ಕೊಟ್ಟಿದ್ದರು.

ಕೊನೆಗೆ ಚಾರ್ಜಿಂಗ್. ಡೈನಮೊ ಸರಿಯಿದೆಯೇ ಎನ್ನಲು ಅದರ ಡಿ (ಕರೆಂಟ್ ಹೊರಬರುವ), ಎಫ್ (ಫೀಲ್ಡ್ ಕಾಯಿಲಿನ) ಎರಡೂ ವೈರ್ ಬಿಚ್ಚಿ, ಆ ಎರಡು ಟರ್ಮಿನಲ್ ಸೇರಿಸಿ, ಅಲ್ಲಿಂದ ಬಾಡಿಯ ತಗಡಿಗೆ ಮೀಟರ್ ಇಟ್ಟು ರೇಸ್ ನಿಧಾನವಾಗಿ ಏರಿಸಿ. ನಿಮಿಷಕ್ಕೆ 1,000 ಸುತ್ತಿನೊಳಗೆ ವೋಲ್ಟೇಜ್ ಅಲುಗಾಡದೆ ಬೇಗ ಏರಿದರೆ ಸಾಕು. 20 ವೋಲ್ಟ್ ಮುಟ್ಟಲು ಬಿಡಬೇಡಿ, ಅದಕ್ಕಿಂತ ರೇಸ್ ಕೊಡಬೇಡಿ. ಒಂದು ವೋಲ್ಟಿನಲ್ಲೇ ನಿಂತರೆ ಫೀಲ್ಡ್ ಕಾಯಿಲ್, ನಾಲ್ಕೈದರಲ್ಲಿ ನಿಂತರೆ ಆರ್ಮೇಚರ್. ಈ ಗಾಡಿಯದು ಸರಿಯಿತ್ತು, ಕಟ್‌ಔಟ್ 13 ವೋಲ್ಟಿಗೆ ಹಿಡಿಯುತ್ತಿತ್ತು. ಚಾರ್ಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಸ್ಕ್ರೂ ಎಷ್ಟು ತಿರುಗಿಸಿದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಅದಕ್ಕೆ ಬರೆಯುತ್ತಿಲ್ಲ. ಪಾಸಿಟಿವ್ ಅರ್ಥ್ (ಬ್ಯಾಟರಿ ಪ್ಲಸ್ ಬಾಡಿಯ ತಗಡಿಗೆ ಸೇರಿರುವ) ಗಾಡಿಯನ್ನು ನೆಗೆಟಿವ್‌ಗೆ ತಿರುಗಿಸಿದವರು ಎಫ್ ವೈರ್ ಬಿಚ್ಚಿ, ಡೈನಮೊದ ಎಫ್ ಟರ್ಮಿನಲ್ಲಿಗೆ ಬ್ಯಾಟರಿ ಪ್ಲಸ್ಸನ್ನು ಒಂದು ಕ್ಷಣ ಮುಟ್ಟಿಸಲೇಬೇಕು, ಇಗ್ನಿಷನ್ ಕಾಯಿಲಿನ ಎರಡು ವೈರೂ ಅದಲುಬದಲಾಗಬೇಕು. ಆ ಕಾಯಿಲಿನಲ್ಲಿ ವೋಲ್ಟೇಜ್ ನೋಡುವಾಗ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಮುಚ್ಚಿರಲಿ. ತೆರೆದಿದ್ದರೆ ಕರೆಂಟೇ ಹರಿಯುವುದಿಲ್ಲ, ಕಾಯಿಲಿಗೆ ಬರುವ ಬಿಳಿ ವೈರಿನ ದೋಷ ಕಾಣುವುದೂ ಇಲ್ಲ.

ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಹಾಕಿದ್ದೀರಾ ಎಂದು ಎಲ್ಲರೂ ಕೇಳುತ್ತಾರೆ. ಹಾಕಿದೆ, ಆದರೆ ಎಲ್ಲ ಮುಗಿದ ಮೇಲೆ. ರಿಲೇ ಇಲ್ಲದೆಯೇ ಬಲ್ಬಿನಲ್ಲಿ 11.5 ಬಂದಿತ್ತು, ಹಾಕಿದ ಮೇಲೆ 11.8. ಅರ್ಥ್ ಸರಿ ಮಾಡದೆ ರಿಲೇ ಹಾಕಿದ್ದರೆ ಆ 0.8 ಹಾಗೇ ಉಳಿಯುತ್ತಿತ್ತು. ನಾಲ್ಕು ಕಾಲಿನ ಎರಡು ರಿಲೇ, ಮೂರು ಚದರ ಮಿಲಿಮೀಟರ್ ವೈರ್, ಎಲ್ಲ ಸೇರಿ ಏಳುನೂರು. ಲಾಭ ಏನೆಂದರೆ ಹಳೆ ಸ್ವಿಚ್ಚಿನ ಮೇಲಿನ ಭಾರ ಇಳಿಯಿತು. ಗಾಡಿಯವರು 100 ವ್ಯಾಟ್ ಬಲ್ಬ್ ಹಾಕಿಕೊಡಿ ಎಂದರು, ಹಾಕಲಿಲ್ಲ. ಡೈನಮೊ ಕೊಡುವುದೇ 22 ಆಂಪಿಯರ್, ಅದೂ ಓಡುವಾಗ. ಆ ಬಲ್ಬ್ ಎರಡಕ್ಕೇ ಹದಿನಾರಕ್ಕೂ ಹೆಚ್ಚು ಬೇಕು, ಇಗ್ನಿಷನ್ನಿಗೆ ನಾಲ್ಕು, ಮಳೆಯಲ್ಲಿ ವೈಪರಿಗೆ ಮೂರು. ಸದ್ಯ 60/55 ವ್ಯಾಟಿನ ಬಲ್ಬ್ ಹಾಕಿದ್ದೇನೆ, ಬ್ಯಾಟರಿ ಇಳಿದಿಲ್ಲ.